ಕಣ್ಣಿನ ಪರದೆ ಬಿಟ್ಟಾಗ: ಯಾವ ಆಪರೇಷನ್, ಘಟ್ಟದ ಮೇಲೋ ಕೆಳಗೋ?

"ಕಣ್ಣಿನ ಪರದೆ ಬಿಟ್ಟಿದೆ, ಬೇಗ ಆಪರೇಷನ್ ಮಾಡಿಸಿ" ಅಂತ ಡಾಕ್ಟರು ಹೇಳಿದ ದಿನವೇ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ. ಒಬ್ಬರು ಹುಬ್ಬಳ್ಳಿ ಅನ್ನುತ್ತಾರೆ, ಇನ್ನೊಬ್ಬರು ಮಣಿಪಾಲ. ಕಾರವಾರದವರಿಗೆ ಗೋವಾ ಹತ್ತಿರ. ಬೆಂಗಳೂರಿನಲ್ಲಿರುವ ಮಗ "ಸುಮ್ನೆ ಇಲ್ಲಿಗೇ ಬನ್ನಿ" ಅನ್ನುತ್ತಾನೆ. ಇದರ ಜೊತೆಗೆ ಬಕಲ್, ವಿಟ್ರೆಕ್ಟಮಿ, ಗ್ಯಾಸು, ಎಣ್ಣೆ ಅಂತ ಒಂದಾದ ಮೇಲೊಂದು ಹೊಸ ಹೆಸರು. ಯಾವುದು ನಮಗೆ, ಯಾವುದು ಅಲ್ಲ? ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಉತ್ತರ ಕನ್ನಡದವರಿಗೆ ಇದರಲ್ಲಿ ಬಯಲುಸೀಮೆಯವರು ಯೋಚಿಸಬೇಕಿಲ್ಲದ ಇನ್ನೊಂದು ವಿಷಯವೂ ಇದೆ. ಅದು ಘಟ್ಟ: ಕಣ್ಣಿನೊಳಗೆ ಗ್ಯಾಸ್ ತುಂಬಿದ್ದರೆ ಎತ್ತರಕ್ಕೆ ಹತ್ತುವಾಗ ಅದು ಹಿಗ್ಗುತ್ತದೆ. ಅದರ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಏನಾಗಿದೆ ಅಂತ ತಿಳಿದುಕೊಳ್ಳೋಣ. ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪರದೆಯೇ ರೆಟಿನಾ. ನಾವು ನೋಡುವುದೆಲ್ಲ ಅದರ ಮೇಲೆ ಮೂಡುತ್ತದೆ. ಕಣ್ಣಿನ ನಡುವೆ ತುಂಬಿರುವ ಲೋಳೆ ವಯಸ್ಸಾದಂತೆ ಕುಗ್ಗಿ ಹಿಂದಿನ ಗೋಡೆಯಿಂದ ಬಿಡುತ್ತದೆ. ಬಿಡುವಾಗ ಕೆಲವರಲ್ಲಿ ಪರದೆಯನ್ನು ಎಳೆದು ಹರಿಯುತ್ತದೆ. ಆ ತೂತಿನಿಂದ ನೀರು ಹಿಂದಕ್ಕೆ ನುಗ್ಗಿದರೆ ಪರದೆ ಗೋಡೆಯಿಂದ ಏಳುತ್ತದೆ. ಮಳೆಗಾಲದಲ್ಲಿ ಗೋಡೆಯ ಒಳಗೆ ನೀರು ಸೇರಿ ಬಣ್ಣ ಉಬ್ಬುತ್ತದಲ್ಲ, ಹಾಗೆ. ಹೆಚ್ಚಿನ ಮೈನಸ್ ಪವರ್ ಇರುವವರಿಗೆ, ಪೊರೆ ಆಪರೇಷನ್ ಆದವರಿಗೆ, ಕಣ್ಣಿಗೆ ಪೆಟ್ಟು ಬಿದ್ದವರಿಗೆ ಈ ಅಪಾಯ ಜಾಸ್ತಿ.

ಲಕ್ಷಣ ಮೂರು. ಇದ್ದಕ್ಕಿದ್ದಂತೆ ಕಣ್ಣ ಮುಂದೆ ಕಪ್ಪು ಚುಕ್ಕೆ, ಎಳೆಗಳು ತೇಲಾಡುವುದು. ಕತ್ತಲಲ್ಲೂ ಮಿಂಚು ಹೊಡೆದ ಹಾಗೆ ಕಾಣುವುದು. ಒಂದು ಬದಿಯಿಂದ ಕಪ್ಪು ನೆರಳು ಸರಿದು ಬರುವುದು. ನೋವು ಇರುವುದಿಲ್ಲ. ನೋವಿಲ್ಲ ಅಂತಲೇ ಜನ ತಡ ಮಾಡುತ್ತಾರೆ. ಯಾವ ಡ್ರಾಪ್ಸಿನಿಂದಲೂ, ಯಾವ ಸೊಪ್ಪಿನ ರಸದಿಂದಲೂ ಬಿಟ್ಟ ಪರದೆ ಮತ್ತೆ ಅಂಟುವುದಿಲ್ಲ.

ಆಯ್ಕೆಗೆ ಮೊದಲು ಕೇಳಬೇಕಾದದ್ದು

ಮೊದಲ ಪ್ರಶ್ನೆ: ನಡುಭಾಗ ಇನ್ನೂ ಅಂಟಿಕೊಂಡಿದೆಯೇ? ಪರದೆಯ ಮಧ್ಯದಲ್ಲಿ ಮ್ಯಾಕ್ಯುಲಾ ಅಂತ ಒಂದು ಪುಟ್ಟ ಜಾಗ ಇದೆ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಅದರಿಂದಲೇ. ಅದು ಇನ್ನೂ ಅಂಟಿಕೊಂಡಿದ್ದರೆ ಇವತ್ತು, ಹೆಚ್ಚೆಂದರೆ ನಾಳೆ ಆಪರೇಷನ್ ಆಗಬೇಕು. ಅದು ಬಿಡುವ ಮೊದಲೇ ಅಂಟಿಸಿದರೆ ಮೊದಲಿನ ನೋಟವೇ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಬಿಟ್ಟುಬಿಟ್ಟಿದ್ದರೆ ಮೂರು ದಿನದೊಳಗೆ ಆದರೆ ಒಳ್ಳೆಯದು, ವಾರ ದಾಟಬಾರದು. ಉಳಿದ ಲೆಕ್ಕವೆಲ್ಲ ಇದರ ನಂತರ. ದೊಡ್ಡ ಹೆಸರಿನ ಡಾಕ್ಟರ ಅಪಾಯಿಂಟ್‌ಮೆಂಟಿಗೆ ಮುಂದಿನ ಸೋಮವಾರದವರೆಗೆ ಕಾಯುವುದಕ್ಕಿಂತ, ಇವತ್ತು ಸಿಗುವ ಒಬ್ಬ ಅನುಭವಸ್ಥ ರೆಟಿನಾ ಸರ್ಜನ್ನೇ ಮೇಲು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಎರಡನೆಯದು ವಯಸ್ಸು ಮತ್ತು ಪೊರೆ. ಕಣ್ಣಿನ ಸ್ವಂತ ಲೆನ್ಸ್ ಇದೆಯೋ, ಪೊರೆ ತೆಗೆದು ಬೇರೆ ಲೆನ್ಸ್ ಹಾಕಿದ್ದಾರೋ? ಮೂರನೆಯದು ತೂತು ಎಲ್ಲಿದೆ, ಎಷ್ಟಿದೆ ಅನ್ನುವುದು. ಮೇಲ್ಭಾಗದ ಒಂದು ತೂತಿಗೆ ಇರುವ ದಾರಿ ಕೆಳಭಾಗದ ನಾಲ್ಕು ತೂತುಗಳಿಗೆ ಇರುವುದಿಲ್ಲ. ಇವೆರಡನ್ನೂ ಡಾಕ್ಟರೇ ನೋಡಿ ಹೇಳುತ್ತಾರೆ, ನೀವು ಕೇಳಿ ಬರೆದಿಟ್ಟುಕೊಳ್ಳಿ ಸಾಕು.

ಇನ್ನು ಡಾಕ್ಟರಿಗೆ ನೀವಾಗಿ ಹೇಳಬೇಕಾದದ್ದು ಇದೆ. ನಿಮ್ಮ ಮನೆ ಘಟ್ಟದ ಮೇಲೋ, ಕೆಳಗೋ? ವಾರಗಟ್ಟಲೆ ತಲೆ ಬಗ್ಗಿಸಿ ಕೂರಬೇಕೆಂದರೆ ನಿಮ್ಮಿಂದ ಆಗುತ್ತದೆಯೇ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರೆಯೇ? ಕೆಲಸ ಏನು? ಕೊನೆ ಕೊಯ್ಯಲು ಮರ ಹತ್ತುವವರಿಗೂ ಅಂಗಡಿಯಲ್ಲಿ ಕೂರುವವರಿಗೂ ಬೇರೆ ಬೇರೆ ಸಲಹೆ. ಕೈಯಲ್ಲಿರುವ ದುಡ್ಡು ಒಂದೇ ಆಪರೇಷನ್ನಿಗೆ ಸಾಲುತ್ತದೋ, ಎರಡಕ್ಕೂ ಇದೆಯೋ? ಇದನ್ನೆಲ್ಲ ಹೇಳಲು ಸಂಕೋಚ ಬೇಡ.

ಲೇಸರ್

ತೂತು ಮಾತ್ರ ಆಗಿದೆ, ಪರದೆ ಇನ್ನೂ ಎದ್ದಿಲ್ಲ ಅಂದರೆ ಲೇಸರ್ ಸಾಕು. ತೂತಿನ ಸುತ್ತ ಸಣ್ಣ ಸಣ್ಣ ಸುಟ್ಟ ಕಲೆ ಮಾಡಿ ಬೇಲಿ ಹಾಕುತ್ತಾರೆ. ಲೇಸರ್ ತಲುಪದ ಕಡೆ ಹೊರಗಿನಿಂದ ಅತಿ ತಂಪು ಕೊಟ್ಟು ಇದೇ ಕೆಲಸ ಮಾಡುತ್ತಾರೆ, ಅದು ಕ್ರಯೋ. ಸ್ವಲ್ಪ ಹೊತ್ತಿನ ಕೆಲಸ, ಅಡ್ಮಿಟ್ ಆಗಬೇಕಿಲ್ಲ, ಅದೇ ದಿನ ಮನೆಗೆ. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಆ ಕಲೆ ಗಟ್ಟಿಯಾಗಲು ಹತ್ತು ಹದಿನಾಲ್ಕು ದಿನ ಬೇಕು. ಅಷ್ಟರವರೆಗೆ ಭಾರ ಎತ್ತಬೇಡಿ, ಹೊಂಡ ಬಿದ್ದ ರಸ್ತೆಯಲ್ಲಿ ಬೈಕ್ ಬೇಡ. ಚುಕ್ಕೆ ಕಂಡ ದಿನವೇ ತೋರಿಸಿದವರಿಗೆ ಮಾತ್ರ ಸಿಗುವ ಆಯ್ಕೆ ಇದು.

ಗಾಳಿಗುಳ್ಳೆ ಬಿಡುವುದು

ಇದಕ್ಕೆ ನ್ಯೂಮ್ಯಾಟಿಕ್ ರೆಟಿನೋಪೆಕ್ಸಿ ಅಂತ ಹೆಸರು. ಸೂಜಿಯಿಂದ ಕಣ್ಣಿನೊಳಗೆ ಗ್ಯಾಸ್ ಬಿಡುತ್ತಾರೆ. ಗುಳ್ಳೆ ಮೇಲಕ್ಕೆ ತೇಲಿ ತೂತನ್ನು ಮುಚ್ಚುತ್ತದೆ, ಹಿಂದಿದ್ದ ನೀರನ್ನು ಕಣ್ಣೇ ಹೀರಿಕೊಳ್ಳುತ್ತದೆ. ತೂತಿಗೆ ಲೇಸರ್ ಅಥವಾ ಕ್ರಯೋ ಕೊಡುತ್ತಾರೆ. ದೊಡ್ಡ ಆಪರೇಷನ್ ಥಿಯೇಟರ್ ಬೇಕಿಲ್ಲ, ಖರ್ಚು ಕಡಿಮೆ.

ಆದರೆ ಗುಳ್ಳೆ ತೇಲುವುದು ಮೇಲಕ್ಕೆ. ಹಾಗಾಗಿ ಮೇಲ್ಭಾಗದಲ್ಲಿ ಒಂದೇ ತೂತು, ಅಥವಾ ಒತ್ತೊತ್ತಾಗಿ ಒಂದೆರಡು ಇದ್ದವರಿಗೆ ಮಾತ್ರ ಇದು ಹೊಂದುತ್ತದೆ. ಕೆನಡಾದ ಟೊರಾಂಟೊದಲ್ಲಿ ಇದನ್ನು ವಿಟ್ರೆಕ್ಟಮಿಯ (ಕಣ್ಣಿನೊಳಗಿನ ಲೋಳೆ ತೆಗೆದು ಮಾಡುವ ಆಪರೇಷನ್) ಜೊತೆ ಹೋಲಿಸಿ ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲ ಪ್ರಯತ್ನದಲ್ಲೇ ಪರದೆ ಅಂಟಿದ್ದು ಗುಳ್ಳೆಯಲ್ಲಿ ನೂರಕ್ಕೆ ಸುಮಾರು 81, ವಿಟ್ರೆಕ್ಟಮಿಯಲ್ಲಿ 93. ಆದರೆ ವರ್ಷದ ನಂತರ ನೋಟ ಚೆನ್ನಾಗಿದ್ದದ್ದು ಗುಳ್ಳೆಯವರಿಗೆ. ಇಲ್ಲಿಯ ಲಾಭ ನಷ್ಟ ಇದೇ. ನೋಟ ಒಳ್ಳೆಯದಾಗಬಹುದು, ಆದರೆ ಐದರಲ್ಲಿ ಒಬ್ಬರಿಗೆ ಇನ್ನೊಂದು ಆಪರೇಷನ್ ಬೇಕಾಗುತ್ತದೆ. ಮೊದಲ ದಿನಗಳಲ್ಲಿ ಮೇಲಿಂದ ಮೇಲೆ ತಪಾಸಣೆಗೂ ಹೋಗಬೇಕು. ಆಸ್ಪತ್ರೆಯ ಹತ್ತಿರವೇ ಮನೆ ಇರುವವರಿಗೆ ಸರಿ. ಜೊಯಿಡಾದಿಂದಲೋ ಸಿದ್ದಾಪುರದ ಒಳಹಳ್ಳಿಯಿಂದಲೋ ಬರುವವರಿಗೆ ನಾನು ಹೇಳಲು ಹಿಂಜರಿಯುತ್ತೇನೆ.

ಬಕಲ್

ಕಣ್ಣುಗುಡ್ಡೆಯ ಹೊರಗೆ ಸಿಲಿಕೋನ್ ಪಟ್ಟಿ ಹೊಲಿದು, ಗೋಡೆಯನ್ನೇ ಒಳಕ್ಕೆ ಒತ್ತಿ ಪರದೆಗೆ ತಾಗಿಸುವುದು. ಕಣ್ಣಿನೊಳಗೆ ಕೈ ಹಾಕುವುದು ಕಡಿಮೆ. ಪಟ್ಟಿ ಜೀವನಪೂರ್ತಿ ಅಲ್ಲೇ ಇರುತ್ತದೆ, ಹೊರಗೆ ಕಾಣುವುದಿಲ್ಲ. 1950ರ ದಶಕದಿಂದ ಬಂದ ಹಳೆಯ ವಿಧಾನ. ಹಳೆಯದು ಅಂತ ಕಡೆಗಣಿಸುವ ಹಾಗಿಲ್ಲ. ಯುರೋಪಿನ ಐದು ದೇಶಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸ್ವಂತ ಲೆನ್ಸ್ ಇದ್ದವರಿಗೆ ಬಕಲ್‌ನಿಂದಲೇ ನೋಟ ಚೆನ್ನಾಗಿ ಬಂತು. ಪೊರೆ ತೆಗೆದು ಲೆನ್ಸ್ ಹಾಕಿಸಿಕೊಂಡವರಲ್ಲಿ ಪರದೆ ಅಂಟಿಸಲು ವಿಟ್ರೆಕ್ಟಮಿ ಮೇಲಾಯಿತು.

ಮೂವತ್ತರ ಆಸುಪಾಸಿನ, ಹೆಚ್ಚು ಮೈನಸ್ ಪವರ್ ಇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೇಳಿಸುವ ಪ್ರಶ್ನೆ "ಬಕಲ್ ಆಗುತ್ತದಾ ಡಾಕ್ಟ್ರೇ?" ಅನ್ನುವುದು. ಅವರ ಕಣ್ಣಿನ ಲೋಳೆ ಇನ್ನೂ ಗಟ್ಟಿ, ಲೆನ್ಸ್ ಸ್ವಚ್ಛ. ವಿಟ್ರೆಕ್ಟಮಿ ಮಾಡಿದರೆ ಪೊರೆ ಬೇಗ ಬರುವ ಅಪಾಯ ಇದೆ. ಬಕಲ್‌ನಲ್ಲಿ ಅದು ಕಡಿಮೆ. ಸಾಮಾನ್ಯವಾಗಿ ಗ್ಯಾಸೂ ಬೇಡ, ಹಾಗಾಗಿ ತಲೆ ಬಗ್ಗಿಸಿ ಕೂರುವುದೂ ಇಲ್ಲ, ಘಟ್ಟದ ಚಿಂತೆಯೂ ಇಲ್ಲ. ಕೊರತೆ ಅಂದರೆ ಮೊದಲ ವಾರ ನೋವು, ಊತ ಜಾಸ್ತಿ. ಮೈನಸ್ ಪವರ್ ಇನ್ನಷ್ಟು ಏರುತ್ತದೆ, ಕನ್ನಡಕ ಬದಲಾಯಿಸಬೇಕು. ಕೆಲವರಿಗೆ ಕೆಲಕಾಲ ಒಂದು ವಸ್ತು ಎರಡಾಗಿ ಕಾಣುತ್ತದೆ. ಈಗಿನ ಎಲ್ಲ ಸರ್ಜನ್ನರಿಗೂ ಬಕಲ್ ಅಭ್ಯಾಸ ಇರುವುದಿಲ್ಲ. ಅದಕ್ಕೇ "ನೀವು ಇದನ್ನು ಮಾಡುತ್ತಿರುತ್ತೀರಾ?" ಅಂತ ಮರ್ಯಾದೆಯಿಂದ ಕೇಳಿ.

ವಿಟ್ರೆಕ್ಟಮಿ, ಗ್ಯಾಸು ಮತ್ತು ಎಣ್ಣೆ

ಈಗ ಹೆಚ್ಚಿನವರಿಗೆ ಆಗುವುದು ಇದೇ. ಕಣ್ಣಿನ ಬಿಳಿಭಾಗದಲ್ಲಿ ಮೂರು ಸಣ್ಣ ರಂಧ್ರ ಮಾಡಿ, ಒಳಗಿನ ಲೋಳೆ ತೆಗೆದು, ಪರದೆ ಮಟ್ಟಸ ಮಾಡಿ, ತೂತಿನ ಸುತ್ತ ಲೇಸರ್ ಹೊಡೆಯುತ್ತಾರೆ. ರಂಧ್ರಗಳು ಅರ್ಧ ಮಿಲಿಮೀಟರ್‌ನಷ್ಟು. ಸಾಮಾನ್ಯವಾಗಿ ಕಣ್ಣಿನ ಸುತ್ತ ಮಾತ್ರ ಮರಗಟ್ಟಿಸುತ್ತಾರೆ. ಒಂದೆರಡು ತಾಸು ಹಿಡಿಯಬಹುದು. ಪೊರೆ ಆಪರೇಷನ್ ಆದವರಿಗೆ, ತೂತು ಹೆಚ್ಚಿದ್ದವರಿಗೆ, ಒಳಗೆ ರಕ್ತ ಇದ್ದವರಿಗೆ, ಸಕ್ಕರೆ ಕಾಯಿಲೆಯಿಂದ ಪರದೆ ಎಳೆದುಕೊಂಡವರಿಗೆ ಇದೇ ದಾರಿ. ಸ್ವಂತ ಲೆನ್ಸ್ ಇದ್ದು ಐವತ್ತು ದಾಟಿದವರಿಗೆ ಎರಡು ವರ್ಷದೊಳಗೆ ಪೊರೆ ಬರುವುದು ಹೆಚ್ಚೂಕಡಿಮೆ ಖಾತ್ರಿ. ಆ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಿಜವಾದ ಆಯ್ಕೆ ಬರುವುದು ಕೊನೆಗೆ ಕಣ್ಣಿನೊಳಗೆ ಏನು ತುಂಬುತ್ತಾರೆ ಅನ್ನುವಲ್ಲಿ. ಗ್ಯಾಸ್ ತುಂಬಿದರೆ ಅದು ತಾನಾಗಿಯೇ ಕರಗುತ್ತದೆ. ಎಸ್‌ಎಫ್6 ಆದರೆ ಎರಡು ಮೂರು ವಾರ, ಸಿ3ಎಫ್8 ಆದರೆ ಆರರಿಂದ ಎಂಟು ವಾರ. ಮತ್ತೆ ಆಪರೇಷನ್ ಬೇಡ. ಆದರೆ ಗ್ಯಾಸ್ ಇರುವಷ್ಟು ದಿನ ಆ ಕಣ್ಣಿಗೆ ಕೈ ಆಡಿಸಿದ್ದು ಮಾತ್ರ ಗೊತ್ತಾಗುತ್ತದೆ. ಡಾಕ್ಟರು ಹೇಳಿದ ಭಂಗಿಯಲ್ಲೇ ಇರಬೇಕು. ವಿಮಾನ ಹತ್ತುವ ಹಾಗೇ ಇಲ್ಲ. ಬೇರೆ ಯಾವುದಕ್ಕಾದರೂ ಆಪರೇಷನ್ ಬಂದರೆ ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲ ಕೊಡಬಾರದು ಅಂತ ಮೊದಲೇ ಹೇಳಬೇಕು.

ಸಿಲಿಕೋನ್ ಎಣ್ಣೆ ಕರಗುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ಅಷ್ಟು ದಿನ ನೋಟ ಮಸುಕು. ತೆಗೆಯದೆ ಬಿಟ್ಟರೆ ಕಣ್ಣಿನ ಒತ್ತಡ ಏರುವುದು, ಪೊರೆ ಬರುವುದು ಆಗಬಹುದು. ಆದರೆ ಎತ್ತರಕ್ಕೆ ಹೋದರೆ ಎಣ್ಣೆ ಹಿಗ್ಗುವುದಿಲ್ಲ. ಭಂಗಿ ಹಿಡಿಯಲಾಗದ ಮುದುಕರಿಗೆ, ಮಕ್ಕಳಿಗೆ, ಒಮ್ಮೆ ಅಂಟಿಸಿ ಮತ್ತೆ ಬಿಟ್ಟವರಿಗೆ, ಒಂದೇ ಕಣ್ಣು ಇರುವವರಿಗೆ ಎಣ್ಣೆಯೇ ಬೇಕಾಗುತ್ತದೆ. ಎಣ್ಣೆ ಹಾಕಿದರೆ "ತೆಗೆಯುವುದೂ ಪ್ಯಾಕೇಜಿನಲ್ಲಿ ಸೇರಿದೆಯೇ?" ಅಂತ ಸಹಿ ಹಾಕುವ ಮೊದಲೇ ಕೇಳಿ. ಎಣ್ಣೆ ಹಾಕಿಸಿಕೊಂಡು, ಎರಡನೇ ಸಲದ ದುಡ್ಡಿಲ್ಲದೆ ವರ್ಷಗಟ್ಟಲೆ ಹಾಗೇ ಬಿಟ್ಟ ಕಣ್ಣು ಹಾಳಾಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಘಟ್ಟದ ಲೆಕ್ಕ

ಎತ್ತರಕ್ಕೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಕಣ್ಣಿನೊಳಗಿನ ಗ್ಯಾಸ್ ಹಿಗ್ಗುತ್ತದೆ. ಶಿರಸಿ ಸಮುದ್ರದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಅಲ್ಲಿಗೆ ಬಂದರೆ ಗ್ಯಾಸ್ ನೂರಕ್ಕೆ ಸುಮಾರು ಏಳರಷ್ಟು ಹಿಗ್ಗುತ್ತದೆ. ಕೇಳಲು ಸಣ್ಣದು. ಆದರೆ ಕಣ್ಣುಗುಡ್ಡೆ ಹಿಗ್ಗುವ ಚೀಲ ಅಲ್ಲ. ಪೂರ್ತಿ ತುಂಬಿದ ಕಣ್ಣಿನಲ್ಲಿ ಅಷ್ಟಕ್ಕೇ ಒತ್ತಡ ಏರಿ ನೋವು, ವಾಂತಿ ಬರಬಹುದು. ಹೆಚ್ಚಾದರೆ ನರಕ್ಕೆ ರಕ್ತ ಹೋಗುವುದೇ ಕಡಿಮೆಯಾಗಬಹುದು. ಅರಬೈಲು, ಗೇರುಸೊಪ್ಪ, ಅಣಶಿ, ಯಾವ ಘಟ್ಟವಾದರೂ ಲೆಕ್ಕ ಇದೇ.

ಹಾಗಾಗಿ ನನ್ನ ಸಲಹೆ ಇಷ್ಟೇ. ಗ್ಯಾಸ್ ಹಾಕುವ ಸಾಧ್ಯತೆ ಇದ್ದರೆ, ಆದಷ್ಟು ನಿಮ್ಮ ಮನೆ ಇರುವ ಬದಿಯಲ್ಲೇ ಆಪರೇಷನ್ ಮಾಡಿಸಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳದವರಿಗೆ ಹುಬ್ಬಳ್ಳಿ ಅಥವಾ ಶಿವಮೊಗ್ಗ. ಎರಡೂ ಹೆಚ್ಚೂಕಡಿಮೆ ಶಿರಸಿಯಷ್ಟೇ ಎತ್ತರ. ಹುಬ್ಬಳ್ಳಿಯಲ್ಲಿ ಎಂ.ಎಂ. ಜೋಶಿ ನೇತ್ರ ಸಂಸ್ಥೆ ಇದೆ, ಶಿವಮೊಗ್ಗದಲ್ಲಿ ಶಂಕರ ಕಣ್ಣಿನ ಆಸ್ಪತ್ರೆ ಇದೆ. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ಮಣಿಪಾಲ, ಮಂಗಳೂರು. ಕೊಂಕಣ ರೈಲು, ಹೆದ್ದಾರಿ ಎರಡೂ ಇವೆ, ಘಟ್ಟ ಇಲ್ಲ. ಕಾರವಾರದವರಿಗೆ ಗೋವಾದ ಬಾಂಬೋಲಿಮ್ ಹತ್ತಿರ. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಹೊರರಾಜ್ಯದವರಿಗೆ ಶುಲ್ಕ ಇದೆ. ನಮ್ಮ ಆಯುಷ್ಮಾನ್ ಕಾರ್ಡು ನಡೆಯುತ್ತದೆಯೇ ಅಂತ ಮೊದಲೇ ಫೋನ್ ಮಾಡಿ.

ಕರಾವಳಿಯವರು ಹುಬ್ಬಳ್ಳಿಗೆ ಹೋಗಲೇಬಾರದು ಅಂತ ಅಲ್ಲ. ಇಳಿಯುವಾಗ ಗ್ಯಾಸ್ ಕುಗ್ಗುತ್ತದೆ, ಅಪಾಯ ಕಡಿಮೆ. ತೊಂದರೆ ಬರುವುದು ವಾರದ ನಂತರದ ತಪಾಸಣೆಗೆ. ಕಣ್ಣಿನಲ್ಲಿ ಇನ್ನೂ ಗ್ಯಾಸ್ ಇರುವಾಗಲೇ ಮತ್ತೆ ಘಟ್ಟ ಹತ್ತಬೇಕಾಗುತ್ತದೆ! ಇದನ್ನು ಹೆಚ್ಚಿನವರು ಯೋಚಿಸಿರುವುದೇ ಇಲ್ಲ. ಹುಬ್ಬಳ್ಳಿಯಲ್ಲಿ ನೆಂಟರಿದ್ದರೆ ಮೊದಲ ತಪಾಸಣೆ ಮುಗಿಯುವವರೆಗೆ ಅಲ್ಲೇ ಇರಿ. ಇಲ್ಲವಾದರೆ ಒತ್ತಡ ನೋಡುವ ಕೆಲಸವನ್ನು ಊರಿನ ಕಣ್ಣಿನ ಡಾಕ್ಟರಿಂದ ಮಾಡಿಸಬಹುದೇ ಅಂತ ಸರ್ಜನ್ನರನ್ನೇ ಕೇಳಿ. ಹಾಗೆಯೇ ಶಿರಸಿಯವರಿಗೆ ಮಣಿಪಾಲದಲ್ಲೇ ಆಪರೇಷನ್ ಆದರೆ, ಗ್ಯಾಸ್ ಸಾಕಷ್ಟು ಕರಗುವವರೆಗೆ ಕರಾವಳಿಯ ನೆಂಟರ ಮನೆಯಲ್ಲಿ ನಿಲ್ಲುವುದು ಒಳ್ಳೆಯದು. ಯಾವಾಗ ಹತ್ತಬಹುದು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಹತ್ತುವಾಗ ಕಣ್ಣು ಸಿಡಿಯುವಂತೆ ನೋಯಲು ಶುರುವಾದರೆ ಗಾಡಿ ನಿಲ್ಲಿಸಿ, ಕೆಳಗೆ ತಿರುಗಿಸಿ, ಫೋನ್ ಮಾಡಿ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿ ತೆರೆದಿದೆಯೇ ಅಂತ ನೋಡಿಯೇ ಊರು ಆರಿಸಿ. ಗ್ಯಾಸ್ ಲೆಕ್ಕಕ್ಕಿಂತ ಸಮಯದ ಲೆಕ್ಕ ದೊಡ್ಡದು. ನಿಮ್ಮ ಬದಿಯಲ್ಲಿ ಸರ್ಜನ್ ಸಿಗದಿದ್ದರೆ ಆಚೆ ಬದಿಗೆ ಹೋಗಿ. ಮನೆ ಎಲ್ಲಿ ಅಂತ ಹೇಳಿದರೆ ಅವರು ಅದಕ್ಕೆ ತಕ್ಕ ಗ್ಯಾಸೋ ಎಣ್ಣೆಯೋ ನೋಡುತ್ತಾರೆ. ಬೆಂಗಳೂರು ಕೊನೆಗೆ. ಒಮ್ಮೆ ಮಾಡಿ ಕೈಕೊಟ್ಟ ಕಣ್ಣಿಗೆ, ತೀರಾ ಕ್ಲಿಷ್ಟ ಕೇಸಿಗೆ ಅದು ಸರಿ. ಮಗ ಅಲ್ಲಿದ್ದಾನೆ, ಎರಡು ತಿಂಗಳು ಅಲ್ಲೇ ಉಳಿಯಬಹುದು ಅಂದರೂ ಸರಿ. ಮೊದಲ ಸಲಕ್ಕೆ ಒಂದು ರಾತ್ರಿಯ ಪ್ರಯಾಣ ಬೇಕಿಲ್ಲ.

ಮನೆಗೆ ಬಂದ ಮೇಲೆ

ಎಲ್ಲಕ್ಕಿಂತ ಕಷ್ಟ ಭಂಗಿ. ಹೊನ್ನಾವರದ ನಮ್ಮ ಅತ್ತೆಗೆ ಗ್ಯಾಸ್ ಹಾಕಿದಾಗ ಒಂದು ವಾರ ಮುಖ ಕೆಳಗೆ ಮಾಡಿ ಇರಲು ಹೇಳಿದ್ದರು. ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಸ್ಟೂಲು, ಅದರ ಮೇಲೆ ಎರಡು ದಿಂಬು. ಹಣೆ ಊರಿ, ಮೂಗಿಗೆ ಜಾಗ ಬಿಟ್ಟು ಕೂರುತ್ತಿದ್ದರು. ಕೆಂಪು ನೆಲದ ಮೇಲೆ ಇಟ್ಟ ಮೊಬೈಲಿನಲ್ಲಿ ತಾಳಮದ್ದಳೆ. ಗಂಜಿಯನ್ನು ಸ್ಟ್ರಾ ಹಾಕಿ ಕೊಡುತ್ತಿದ್ದೆವು. ಗಂಟೆಗೊಮ್ಮೆ ಐದು ಹತ್ತು ನಿಮಿಷ ಎದ್ದು ಓಡಾಡಲು ಡಾಕ್ಟರು ಬಿಟ್ಟಿದ್ದರು. ಕುತ್ತಿಗೆ ನೋವಿಗೆ ಬಿಸಿ ಬಟ್ಟೆ ಶಾಖ. ಎಲ್ಲರಿಗೂ ಮುಖ ಕೆಳಗೇ ಅಂತಲ್ಲ. ತೂತು ಇರುವ ಜಾಗ ನೋಡಿ ಕೆಲವರಿಗೆ ಬಲಮಗ್ಗುಲು, ಕೆಲವರಿಗೆ ಎಡಮಗ್ಗುಲು ಹೇಳುತ್ತಾರೆ. ಅಂಗಾತ ಮಾತ್ರ ಮಲಗಬಾರದು.

ಗ್ಯಾಸ್ ಕರಗುವಾಗ ಒಂದು ಸಂಗತಿ ಕಾಣುತ್ತದೆ, ಹೆದರಬೇಡಿ. ಮೇಲಿನಿಂದ ನೋಟ ತೆರೆಯುತ್ತದೆ. ಕೆಳಗೆ ಒಂದು ಗೆರೆ, ತಲೆ ಅಲ್ಲಾಡಿದರೆ ಅದೂ ತುಳುಕುತ್ತದೆ. ದಿನ ಹೋದಂತೆ ಗೆರೆ ಕೆಳಗಿಳಿದು, ಕೊನೆಗೆ ಸಣ್ಣ ಗುಳ್ಳೆಯಾಗಿ ಮಾಯವಾಗುತ್ತದೆ.

ಕಣ್ಣು ಕೆಂಪಾಗುವುದು, ಮರಳು ಹೊಕ್ಕ ಹಾಗೆ ಚುಚ್ಚುವುದು ಸಹಜ. ಡ್ರಾಪ್ಸ್ ನಾಲ್ಕರಿಂದ ಆರು ವಾರ. ತಲೆಗೆ ನೀರು ಹಾಕುವುದು, ಭಾರ ಎತ್ತುವುದು ಡಾಕ್ಟರು ಹೇಳುವವರೆಗೆ ಬೇಡ. ಸಹಜವಲ್ಲದ್ದು: ತೀವ್ರ ನೋವು, ಕೀವು, ಇದ್ದ ನೋಟವೂ ಹೋಗುವುದು, ನೆರಳು ಮತ್ತೆ ಬರುವುದು. ಆಗ ರಾತ್ರಿಯಾದರೂ ಫೋನ್ ಮಾಡಿ.

ಮೊದಲ ಆಪರೇಷನ್ನಿನಲ್ಲೇ ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಪರದೆ ಅಂಟುತ್ತದೆ. ಉಳಿದವರಿಗೆ ಇನ್ನೊಂದು ಬೇಕಾಗುತ್ತದೆ, ಅದು ಯಾರ ತಪ್ಪೂ ಅಲ್ಲದಿರಬಹುದು. ಪರದೆ ಅಂಟುವುದೇ ಬೇರೆ, ನೋಟ ಬರುವುದೇ ಬೇರೆ. ನಡುಭಾಗ ಬಿಟ್ಟಿದ್ದವರಿಗೆ ಗೆರೆ ಸೊಟ್ಟಗೆ ಕಾಣುವುದು ಉಳಿಯಬಹುದು, ಸುಧಾರಣೆ ಒಂದು ವರ್ಷದವರೆಗೂ ನಡೆಯುತ್ತದೆ.

ದುಡ್ಡು

ಖಾಸಗಿಯಲ್ಲಿ ವಿಟ್ರೆಕ್ಟಮಿ ಹತ್ತಾರು ಸಾವಿರ, ಕೆಲವೆಡೆ ಲಕ್ಷ ದಾಟುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಸೊಸೈಟಿ ಸದಸ್ಯರು ಯಶಸ್ವಿನಿ ಕಾರ್ಡು ಇದೆಯೇ ನೋಡಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳಬಹುದು. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೋ ತಾಲೂಕು ಆಸ್ಪತ್ರೆಯಲ್ಲೋ ತೋರಿಸಿದ ದಿನವೇ ಬರೆಸಿಕೊಳ್ಳಿ. ಹೋಗುವ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರಿಗೆ ದಾರಿಯಲ್ಲೇ ಫೋನ್ ಮಾಡಿದರೆ ಅರ್ಧ ದಿನ ಉಳಿಯುತ್ತದೆ. ಆಧಾರ್, ರೇಷನ್ ಕಾರ್ಡು, ಹಳೆಯ ಕನ್ನಡಕದ ಚೀಟಿ, ದಿನಾ ನುಂಗುವ ಮಾತ್ರೆಗಳು ಒಂದೇ ಚೀಲದಲ್ಲಿರಲಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಹೇಳಲು ಮರೆಯಬೇಡಿ.

ಇನ್ನೊಂದು ಕಣ್ಣು. ಒಂದರಲ್ಲಿ ಆದವರಿಗೆ ಇನ್ನೊಂದರಲ್ಲೂ ಆಗುವ ಸಂಭವ ಹತ್ತರಲ್ಲಿ ಒಬ್ಬರಿಗೆ ಇದೆ. ಡಿಸ್ಚಾರ್ಜ್ ಆಗುವ ಮೊದಲು ಆ ಕಣ್ಣಿಗೂ ಡ್ರಾಪ್ಸ್ ಹಾಕಿಸಿ ಅಂಚಿನವರೆಗೆ ನೋಡಿಸಿಕೊಳ್ಳಿ. ತೂತು ಸಿಕ್ಕರೆ ಅಲ್ಲೇ ಲೇಸರ್ ಮಾಡಿಸಿಕೊಂಡೇ ಬನ್ನಿ. ಆಮೇಲೆ ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ. ಒಂದು ಮೂಲೆ ಕಪ್ಪಾಗಿ ಕಂಡರೆ ಅವತ್ತೇ ಹೊರಡಿ.